ಅರಗಿನ ಮುದ್ರೆ ಬಿದ್ದ ಬೆಲ್ಟು

ಸುತ್ತ ನಾಲ್ಕು ಕಡೆಯೂ ಕಲ್ಲುಬೆಟ್ಟ, ನಡುವಿನ ತಗ್ಗಿನಲ್ಲಿ ಊರು, ಹಾಗಿದ್ದ ಒಂದು ರಾಜ್ಯ ಇತ್ತು. ಬೆಟ್ಟದ ಮೇಲೆ ನಿಂತು ನೋಡಿದರೆ ಬೋಗುಣಿಯೊಳಗೆ ಅನ್ನ ಬಡಿಸಿಟ್ಟ ಹಾಗೆ ಮನೆಗಳು ಕಾಣುತ್ತಿದ್ದವು. ಅದಕ್ಕೇ ಆ ರಾಜ್ಯಕ್ಕೆ ಬೋಗುಣಿಪುರ ಎಂದು ಹೆಸರು. ಬೇರೆ ಕಾರಣ ಏನಿಲ್ಲ.

ಬೋಗುಣಿಪುರದ ರಾಜ ಕೆಂಚಣ್ಣ ನಾಯಕ. ಕೆಟ್ಟವನಲ್ಲ. ಒಳ್ಳೆಯವನೇ. ಆದರೆ ಹಿರಿಯರು ಮಾಡಿಟ್ಟ ಕಟ್ಟಳೆಯನ್ನು ಮುಟ್ಟುವವನಲ್ಲ. ಆ ಕಟ್ಟಳೆ ಏನು ಅಂತ ಮೊದಲು ಹೇಳಬೇಕು, ಯಾಕೆಂದರೆ ಮುಂದೆ ನಡೆಯುವುದೆಲ್ಲ ಅದರಿಂದಲೇ.

ರಾಜನ ತಾತ ಒಮ್ಮೆ ಯುದ್ಧಕ್ಕೆ ಹೋಗಿದ್ದ. ಅವನ ಗುಡಾರದ ಹಗ್ಗ ಯಾರೋ ಸಡಿಲ ಕಟ್ಟಿದ್ದರು. ಗಾಳಿ ಬಂತು, ಗುಡಾರ ಬಿತ್ತು, ತಾತ ಅದರ ಅಡಿ ಸಿಕ್ಕಿಕೊಂಡ. ಹೊರಗೆ ಬರುವ ಹೊತ್ತಿಗೆ ಯುದ್ಧ ಸೋತಾಗಿತ್ತು. ಅವತ್ತಿನಿಂದ ಕಟ್ಟಳೆ ಆಯಿತು. ಅರಮನೆಯ ವಸ್ತು ಯಾವುದೇ ಇರಲಿ, ಬಿಗಿಯಾಗಿರಬೇಕು. ಗುಡಾರದ ಹಗ್ಗ ಬಿಗಿ. ನಗಾರಿಯ ಚರ್ಮ ಬಿಗಿ. ಮಂಚದ ನವಾರು ಬಿಗಿ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಅರಮನೆಯ ಪಾರುಪತ್ಯಗಾರ ಒಂದೊಂದನ್ನೂ ಉಗುರಿನಿಂದ ಮೀಟಿ ನೋಡುತ್ತಿದ್ದ. ಪಾರುಪತ್ಯಗಾರ ಅಂದರೆ ಅರಮನೆಯ ಸಾಮಾನನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ. ಮೀಟಿದಾಗ 'ಟಣ್' ಅಂದರೆ ಸರಿ. 'ಡಬ್' ಅಂದರೆ ಅದನ್ನು ನೋಡಿಕೊಳ್ಳುವ ಆಳಿಗೆ ಶಿಕ್ಷೆ.

ನಗಾರಿಗೆ ಇದು ಸರಿಯೇ. ಹಗ್ಗಕ್ಕೂ ಸರಿಯೇ. ಅವು ಇದ್ದ ಕಡೆ ಇರುವ ವಸ್ತುಗಳು, ತಿರುಗುವ ವಸ್ತುಗಳಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ.

ಹೀಗಿರುವಾಗ ರಾಜ್ಯಕ್ಕೆ ಒಂದು ಮೋಟಾರು ಗಾಡಿ ಬಂತು. ರಾಜ ಮೆರೆಯುವುದಕ್ಕೆ ತರಿಸಿದ್ದಲ್ಲ. ಅವನ ರಾಣಿಗೆ ಹೆರಿಗೆ ಕಷ್ಟವಾಗಿ, ಬೆಟ್ಟದಾಚೆಯ ಆಸ್ಪತ್ರೆಗೆ ಎತ್ತಿನ ಗಾಡಿಯಲ್ಲಿ ಸಾಗಿಸುವಾಗ ಏಳು ತಿರುವಿನ ಕಣಿವೆಯಲ್ಲೇ ಜೀವ ಹೋಗಿತ್ತು. ರಾಜ ಅತ್ತ. ಅತ್ತು ಮುಗಿದ ಮೇಲೆ ಮೋಟಾರು ತರಿಸಿ, "ನನ್ನ ರಾಜ್ಯದಲ್ಲಿ ಯಾವ ಹೆಣ್ಣಿಗೆ ಹೆರಿಗೆ ಕಷ್ಟವಾದರೂ ಈ ಗಾಡಿ ಹೋಗಬೇಕು. ನನಗೆ ಬೇಕಾದರೂ ಆಮೇಲೆ," ಎಂದು ಅಪ್ಪಣೆ ಮಾಡಿದ. ಜನ ಅದನ್ನು ಹೆರಿಗೆ ಗಾಡಿ ಎಂದೇ ಕರೆದರು.

ಆ ಗಾಡಿಯನ್ನು ಓಡಿಸುವವನೂ ರಿಪೇರಿ ಮಾಡುವವನೂ ಒಬ್ಬನೇ. ಅವನ ಹೆಸರು ಹಂಪಯ್ಯ. ಹೊರನಾಡಿನ ಮೋಟಾರು ಷೆಡ್ಡಿನಲ್ಲಿ ಹನ್ನೆರಡು ವರ್ಷ ಮಸಿ ಮೆತ್ತಿಕೊಂಡು ಕೆಲಸ ಕಲಿತವನು. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ನೀಲಗಂಗೆ. ಮದುವೆಯಾಗಿ ಎರಡು ಹಳ್ಳಿ ಆಚೆ ಇದ್ದಳು. ಈಗ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಇದು ಎರಡನೆಯದು. ಪಕ್ಕದ ಮನೆಯ ಸೂಲಗಿತ್ತಿ ಮಾಬವ್ವ ನೀಲಗಂಗೆಯ ಹೊಟ್ಟೆ ಮುಟ್ಟಿ ನೋಡಿ ಹೇಳಿದಳು:

"ಹಂಪಣ್ಣ, ಸುಳ್ಳು ಹೇಳಲ್ಲ. ಇದು ನನ್ನ ಕೈಯಲ್ಲಿ ಆಗೋ ಹೆರಿಗೆ ಅಲ್ಲ. ನೋವು ಶುರುವಾದ ಕೂಡಲೇ ಬೆಟ್ಟ ದಾಟಿಸಬೇಕು. ನಿನ್ನ ಗಾಡಿ ತಯಾರಾಗಿರಲಿ."

"ನನ್ನ ಗಾಡಿ ಯಾವಾಗಲೂ ತಯಾರು ಮಾಬವ್ವ," ಎಂದ ಹಂಪಯ್ಯ.

ಆ ಮಾತು ಆಡಿದಾಗ ಅದು ನಿಜವೇ ಆಗಿತ್ತು.

ಈಗ ಬೆಲ್ಟಿನ ವಿಷಯ. ಗೊತ್ತಿದ್ದವರು ಇನ್ನೊಮ್ಮೆ ಕೇಳಿಸಿಕೊಳ್ಳಿ. ಮೋಟಾರಿನ ಬಾನೆಟ್ಟು ಎತ್ತಿದರೆ ಇಂಜಿನ್ನಿನ ಮುಂಭಾಗದಲ್ಲಿ ಮೂರು ಗಾಲಿಗಳು ಕಾಣುತ್ತವೆ. ಕೆಳಗಿನದು ಇಂಜಿನ್ನಿನದು, ತಿರುಗಿಸುವ ಗಾಲಿ. ಮೇಲಿನದಕ್ಕೆ ಫ್ಯಾನೂ ನೀರಿನ ಪಂಪೂ ಕೂಡಿಕೊಂಡಿವೆ. ಪಂಪು ನೀರನ್ನು ಸುತ್ತಿಸಿ ಇಂಜಿನ್ನನ್ನು ತಣ್ಣಗೆ ಇಡುತ್ತದೆ. ಪಕ್ಕದಲ್ಲಿರುವುದು ಡೈನಮೊ, ಅದು ಬ್ಯಾಟರಿಗೆ ಕರೆಂಟು ತುಂಬುತ್ತದೆ. ಈ ಮೂರು ಗಾಲಿಗೂ ಸುತ್ತಿಕೊಂಡು ಒಂದು ರಬ್ಬರಿನ ಪಟ್ಟಿ ಓಡುತ್ತದೆ. ಅದೇ ಬೆಲ್ಟು. ಬೆಲ್ಟು ತೀರ ಸಡಿಲವಾದರೆ ಜಾರುತ್ತದೆ, ಕಿರುಚುತ್ತದೆ, ಪಂಪು ತಿರುಗುವುದಿಲ್ಲ. ತೀರ ಬಿಗಿಯಾದರೆ ಕಿರುಚುವುದಿಲ್ಲ, ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಆದರೆ ಪಂಪಿನ ಕುತ್ತಿಗೆಯನ್ನೂ ಡೈನಮೊದ ಕುತ್ತಿಗೆಯನ್ನೂ ಹಗಲೂ ರಾತ್ರಿ ಒಂದೇ ಕಡೆಗೆ ಜಗ್ಗುತ್ತಾ ಇರುತ್ತದೆ. ಒಳಗಿನ ಬೇರಿಂಗು ಸವೆಯುತ್ತದೆ. ಬೇರಿಂಗು ಅಂದರೆ ಗಾಲಿ ನುಣ್ಣಗೆ ತಿರುಗಲಿ ಅಂತ ಇಟ್ಟಿರುವ ಸಣ್ಣ ಗುಂಡುಗಳ ಬಳೆ.

ಹಾಗಾದರೆ ಎಷ್ಟು ಬಿಗಿ ಇರಬೇಕು? ಹಂಪಯ್ಯನಿಗೆ ಅದು ಹೆಬ್ಬೆರಳಲ್ಲಿ ಗೊತ್ತಿತ್ತು. ಇಂಜಿನ್ನು ನಿಲ್ಲಿಸಿ, ಅದು ತಣ್ಣಗಾದ ಮೇಲೆ, ಎರಡು ಗಾಲಿಗಳ ನಡುವೆ ಬೆಲ್ಟು ಎಲ್ಲಿ ಉದ್ದವಾಗಿದೆಯೋ ಅಲ್ಲಿ, ಸರಿಯಾಗಿ ಮಧ್ಯದಲ್ಲಿ ಹೆಬ್ಬೆರಳಿಂದ ಒತ್ತುತ್ತಿದ್ದ. ಅರ್ಧ ಅಂಗುಲ ಒಳಗೆ ಹೋಗಬೇಕು. ಹೆಚ್ಚು ಹೋದರೆ ಸಡಿಲ. ಕಡಿಮೆ ಹೋದರೆ ಬಿಗಿ. ಆಗ ಡೈನಮೊದ ಬೋಲ್ಟು ಸಡಿಲಿಸಿ, ಡೈನಮೊವನ್ನು ಕೊಂಚ ಹೊರಕ್ಕೋ ಒಳಕ್ಕೋ ಸರಿಸಿ, ಬೋಲ್ಟು ಮತ್ತೆ ಬಿಗಿಯುತ್ತಿದ್ದ. ಆಮೇಲೆ ಮತ್ತೊಮ್ಮೆ ಒತ್ತಿ ನೋಡುತ್ತಿದ್ದ. ಅಷ್ಟೇ ವಿದ್ಯೆ.

ಹಳೆಯ ಪಾರುಪತ್ಯಗಾರ ಮೋಟಾರಿನ ಹತ್ತಿರ ಬರುತ್ತಿರಲಿಲ್ಲ. ಅವನು ತೀರಿಕೊಂಡ. ಅವನ ಜಾಗಕ್ಕೆ ರಾಚಪ್ಪ ಎನ್ನುವವನು ಬಂದ. ಹೊಸಬ. ರಾಜನ ಕಣ್ಣಿಗೆ ಬೀಳಬೇಕೆಂಬ ಆಸೆ. ದೊಡ್ಡ ಹೊಟ್ಟೆ, ಆ ಹೊಟ್ಟೆಗೆ ರಾಜ ಕೊಟ್ಟ ಚರ್ಮದ ನಡುಪಟ್ಟಿ, ಬಲಗೈಯ ತೋರುಬೆರಳಿಗೆ ಉದ್ದ ಉಗುರು.

ಮೊದಲ ಹುಣ್ಣಿಮೆಯ ಬೆಳಿಗ್ಗೆ ರಾಚಪ್ಪ ಮೋಟಾರುಖಾನೆಗೆ ಬಂದ.

"ಲೇ ಹಂಪಯ್ಯ, ಎತ್ತೋ ಅದನ್ನ."

ಹಂಪಯ್ಯ ಬಾನೆಟ್ಟು ಎತ್ತಿದ. ರಾಚಪ್ಪ ಅಲ್ಲಿ ಇಲ್ಲಿ ನೋಡಿದ. ಕಬ್ಬಿಣ ಮೀಟಲಿಕ್ಕೆ ಬರುವುದಿಲ್ಲ. ಮೀಟಲಿಕ್ಕೆ ಬರುವುದು ಒಂದೇ, ಬೆಲ್ಟು. ಮೀಟಿದ. 'ಡಬ್' ಅಂತು.

"ಅರಮನೆ ವಸ್ತು ಜೋತು ಬಿದ್ದಿದೆಯಲ್ಲೋ!"

"ಜೋತು ಬಿದ್ದಿಲ್ಲ ಬುದ್ಧಿ. ಅರ್ಧ ಅಂಗುಲ ಬಿಡಬೇಕು. ಬಿಟ್ಟರೇನೇ ಅದು ಬಾಳೋದು."

"ತಾತನವರ ಕಟ್ಟಳೆಯಲ್ಲಿ ಅರ್ಧ ಅಂಗುಲ ಅಂತ ಬರೆದಿದೆಯೇನೋ? ಬಿಗಿ."

ಹಂಪಯ್ಯ ಬಿಗಿದ. ಡೈನಮೊವನ್ನು ಸನಿಕೆಯ ಹಿಡಿಯಿಂದ ಮೀಟಿ ಹೊರಕ್ಕೆ ಎಳೆದು ಬಿಗಿದ. ರಾಚಪ್ಪ ಮೀಟಿದ. 'ಟಣ್' ಅಂತು. ರಾಚಪ್ಪ ಮೀಸೆ ತೀಡಿಕೊಂಡು ಹೋದ.

ಹತ್ತೇ ದಿನ. ಡೈನಮೊದಿಂದ ಮುದಿ ನಾಯಿ ಗೊರಗುಟ್ಟುವ ಹಾಗೆ ಸದ್ದು ಬಂತು. ಬೇರಿಂಗು ಪುಡಿಯಾಗಿತ್ತು.

"ನೀನೇ ಕೆಡಿಸಿದ್ದು," ಎಂದ ರಾಚಪ್ಪ. "ಬಿಗಿ ಇದ್ದದ್ದು ಕೆಡುತ್ತದೆಯೇ? ಸಡಿಲ ಇದ್ದದ್ದು ಕೆಡುತ್ತದೆ." ಒಡೆದ ಬೇರಿಂಗನ್ನು ದಾರಕ್ಕೆ ಪೋಣಿಸಿ ಹಂಪಯ್ಯನ ಕೊರಳಿಗೆ ಹಾಕಿ ಒಂದು ಹಗಲು ಅರಮನೆಯ ಬಾಗಿಲಲ್ಲಿ ಬಿಸಿಲಿಗೆ ನಿಲ್ಲಿಸಿದರು. ಹೋಗುವವರು ಬರುವವರು ನೋಡಿ, "ಏನಪ್ಪಾ ಹಂಪಯ್ಯ, ಹೊಸ ತಾಳಿಯಾ?" ಎಂದು ನಕ್ಕರು. ಅವರಲ್ಲಿ ಕೆಲವರ ಹೆಂಡಿರನ್ನು ಇದೇ ಹಂಪಯ್ಯ ಬೆಟ್ಟ ದಾಟಿಸಿ ಉಳಿಸಿದ್ದ.

ಹಂಪಯ್ಯ ಹೊಸ ಬೇರಿಂಗು ಹಾಕಿ, ಬೆಲ್ಟನ್ನು ಅರ್ಧ ಅಂಗುಲಕ್ಕೆ ಇಟ್ಟ. ಎರಡನೆಯ ಹುಣ್ಣಿಮೆ ಬಂತು. ರಾಚಪ್ಪ ಬಂದ. ಮೀಟಿದ. 'ಡಬ್' ಅಂತು.

"ಅರ್ಧ ಅಂಗುಲ ಬಿಡಬೇಕು ಬುದ್ಧಿ."

"ಬಿಸಿಲು ಸಾಲಲಿಲ್ಲವೇನೋ ನಿನಗೆ? ಬಿಗಿ."

ಹಂಪಯ್ಯ ಬಿಗಿದ. 'ಟಣ್' ಅಂತು. ರಾಚಪ್ಪ ಬಾಗಿಲು ದಾಟಿದ ಕೂಡಲೇ ಹಂಪಯ್ಯ ಪಾನ ತೆಗೆದುಕೊಂಡು, ಪಾನ ಅಂದರೆ ಬೋಲ್ಟು ತಿರುಗಿಸುವ ಕಬ್ಬಿಣದ ಹಿಡಿ, ಬೆಲ್ಟನ್ನು ಮತ್ತೆ ಅರ್ಧ ಅಂಗುಲಕ್ಕೆ ಸಡಿಲಿಸಿದ. ಇದು ಮೋಸವೇ. ಆದರೆ ಮಗಳ ಹೊಟ್ಟೆಗೆ ಆಗ ಎಂಟು ತಿಂಗಳು. ಅವನಿಗೆ ಗಾಡಿ ಬೇಕಾಗಿತ್ತು.

ಇಪ್ಪತ್ತು ದಿನ ಗಾಡಿ ಬೆಣ್ಣೆಯ ಹಾಗೆ ಓಡಿತು. ಇಪ್ಪತ್ತೊಂದನೆಯ ದಿನ ರಾಚಪ್ಪ ಹೇಳದೆ ಕೇಳದೆ ಬಂದು ಮೀಟಿದ. 'ಡಬ್'. ಅವನ ಮುಖ ಕೆಂಪಾಯಿತು. ಹಂಪಯ್ಯನ ಬೆನ್ನಿಗೆ ಹತ್ತು ಏಟು ಬಿತ್ತು. ಬೆಲ್ಟನ್ನು ರಾಚಪ್ಪ ತಾನೇ ನಿಂತು, ಇಬ್ಬರು ಜಟ್ಟಿಗಳಿಂದ ಡೈನಮೊ ಎಳೆಸಿ ಬಿಗಿಸಿದ. ನಾಲ್ಕು ದಿನಕ್ಕೆ ಪಂಪಿನ ಕೆಳಗೆ ತುಕ್ಕಿನ ಬಣ್ಣದ ನೀರು ಒಂದೊಂದೇ ಹನಿ ತೊಟ್ಟಿಕ್ಕತೊಡಗಿತು. ಈಗ ಪಂಪಿನ ಕುತ್ತಿಗೆಯೂ ಸವೆಯುತ್ತಿತ್ತು.

ಹಂಪಯ್ಯ ಧೈರ್ಯ ಮಾಡಿ ರಾಜನ ಹತ್ತಿರ ಹೋದ. ರಾಜ ಊಟಕ್ಕೆ ಏಳುತ್ತಿದ್ದ.

"ಮಹಾಸ್ವಾಮಿ, ಬೆಲ್ಟು ಬಿಗಿ ಹೆಚ್ಚಾದರೆ ಗಾಡಿ ಸಾಯುತ್ತೆ."

"ಬಿಗಿಯ ವಿಷಯ ರಾಚಪ್ಪನದ್ದಲ್ಲವೇನಪ್ಪ? ಅವನಿಗೆ ಹೇಳು."

"ಹೇಳಿದೆ ಸ್ವಾಮಿ. ಎರಡು ಸಲ ಹೇಳಿದೆ."

"ಮೂರನೇ ಸಲ ಹೇಳು," ಎಂದು ರಾಜ ಕೈ ತೊಳೆಯಲು ಹೋದ.

ಮೂರನೆಯ ಹುಣ್ಣಿಮೆ ಬಂತು. ಹಂಪಯ್ಯ ಮೂರನೆಯ ಸಲ ಹೇಳಿದ.

"ಅರ್ಧ ಅಂಗುಲ ಬಿಡಬೇಕು ಬುದ್ಧಿ. ಪಂಪು ಆಗಲೇ ಅಳುತ್ತಾ ಇದೆ, ನೋಡಿ. ನನ್ನ ಮಗಳಿಗೆ ದಿನ ತುಂಬಿದೆ. ನಿಮ್ಮ ಕಾಲು ಹಿಡೀತೀನಿ."

ರಾಚಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡ. "ಕಾಲು ಬಿಡೋ, ಮಸಿ ಹತ್ತುತ್ತೆ." ಆಮೇಲೆ ಕೆಂಪು ಅರಗು ಕಾಯಿಸಿ ತರಿಸಿ, ಡೈನಮೊದ ಬೋಲ್ಟಿನ ಮೇಲೆ ಸುರಿದು, ಅದು ಆರುವ ಮುಂಚೆ ರಾಜಮುದ್ರೆ ಒತ್ತಿದ. ಇನ್ನು ಬೋಲ್ಟು ತಿರುಗಬೇಕಾದರೆ ಅರಗು ಒಡೆಯಲೇಬೇಕು. ಆ ರಾಜ್ಯದಲ್ಲಿ ರಾಜಮುದ್ರೆ ಒಡೆದವನಿಗೆ ಒಂದೇ ಶಿಕ್ಷೆ, ಬಲಗೈ ಕತ್ತರಿಸುವುದು.

"ಮುದ್ರೆ ಒಡೆದರೆ ಕೈ," ಎಂದ ರಾಚಪ್ಪ.

"ಗಾಡಿ ಕೆಟ್ಟರೆ ಬುದ್ಧಿ?"

"ಗಾಡಿ ಕೆಟ್ಟರೆ ನಿನ್ನ ತಪ್ಪು."

ಒಂಬತ್ತನೆಯ ದಿನ ಬೆಳಿಗ್ಗೆ ನೀಲಗಂಗೆಗೆ ನೋವು ಬಂತು. ಮಾಬವ್ವ ಹೊಟ್ಟೆ ಮುಟ್ಟಿದವಳೇ ಎದ್ದು ನಿಂತಳು.

"ಮಗು ಅಡ್ಡ ನಿಂತಿದೆ. ಹೊತ್ತಿಲ್ಲ ಹಂಪಣ್ಣ. ಗಾಡಿ ತಗೊಂಡು ಬಾ."

ಹಂಪಯ್ಯ ಗಾಡಿ ಮನೆಮುಂದೆ ತಂದು ನಿಲ್ಲಿಸಿ ಬಾನೆಟ್ಟು ಎತ್ತಿದ. ಪಂಪಿನ ಫ್ಯಾನು ಹಿಡಿದು ಅಲ್ಲಾಡಿಸಿದ. ಹಲ್ಲು ಸಡಿಲಾದ ಹಾಗೆ ಆ ಕಡೆ ಈ ಕಡೆ ಆಡಿತು. ಬೆಲ್ಟು ಮಾತ್ರ ಕಬ್ಬಿಣದ ಸಲಾಕೆಯ ಹಾಗೆ ನಿಂತಿತ್ತು. ಒತ್ತಿದ. ಹೆಬ್ಬೆರಳಿನ ಉಗುರು ಬೆಳ್ಳಗಾಯಿತೇ ಹೊರತು ಬೆಲ್ಟು ಕೂದಲೆಳೆಯಷ್ಟೂ ಒಳಗೆ ಹೋಗಲಿಲ್ಲ.

ಸೀಟಿನ ಕೆಳಗಿಂದ ಪಾನ ತೆಗೆದ. ಬೋಲ್ಟಿನ ಹತ್ತಿರ ಹಿಡಿದ. ಒಂದು ಏಟಿಗೆ ಅರಗು ಉದುರುತ್ತದೆ. ಅರ್ಧ ಸುತ್ತು ತಿರುಗಿಸಬೇಕು, ಡೈನಮೊ ಬೆರಳಗಲ ಒಳಕ್ಕೆ ತಳ್ಳಬೇಕು, ಮತ್ತೆ ಬಿಗಿಯಬೇಕು. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತು ಸಾಕು. ಇದು ಅವನಿಗೆ ಗೊತ್ತಿತ್ತು. ಇದೊಂದೇ ದಾರಿ ಎಂಬುದೂ ಗೊತ್ತಿತ್ತು.

ಕೆಂಪು ಅರಗಿನ ಮೇಲೆ ರಾಜಮುದ್ರೆಯ ಆನೆ ಇತ್ತು. ಹಂಪಯ್ಯ ಆನೆಯನ್ನು ನೋಡಿದ. ತನ್ನ ಬಲಗೈ ನೋಡಿಕೊಂಡ. ಕೈ ಹೋದ ಮೇಲೆ ಯಾವ ಷೆಡ್ಡು ಸೇರಿಸಿಕೊಳ್ಳುತ್ತದೆ? ಕೈಯಿಲ್ಲದ ಅಪ್ಪ ಮಗಳಿಗೆ ಏನು ಮಾಡಿಯಾನು? ಹೀಗೆಲ್ಲ ಯೋಚಿಸಿದ. ಮೆಲ್ಲಗೆ ಹೋದರೆ ಇವತ್ತೊಂದು ದಿನ ತಡೆದುಕೊಳ್ಳಬಹುದು ಅಂದುಕೊಂಡ. ರೇಡಿಯೇಟರಿನ ತುಂಬ ನೀರು ತುಂಬಿದರೆ ಸಾಕು ಅಂದುಕೊಂಡ. ಹೆದರಿದ ಮನುಷ್ಯನಿಗೆ ಕಾರಣಗಳಿಗೆ ಬರವಿಲ್ಲ, ಒಂದು ಕೇಳಿದರೆ ಹತ್ತು ಸಿಗುತ್ತವೆ.

ಪಾನವನ್ನು ಮತ್ತೆ ಸೀಟಿನ ಕೆಳಗೆ ಇಟ್ಟ.

ಹಿಂದಿನ ಸೀಟಿನಲ್ಲಿ ನೀಲಗಂಗೆಯನ್ನು ಮಲಗಿಸಿದರು. ಮಾಬವ್ವ ತಲೆ ಹಿಡಿದುಕೊಂಡು ಕೂತಳು. ಗಾಡಿ ಹೊರಟಿತು.

ಮೊದಲ ತಿರುವು ದಾಟಿತು. ಏನೂ ಆಗಲಿಲ್ಲ. "ನೋಡಿದೆಯಾ ಮಗಳೇ, ಹೋಗ್ತಾ ಇದೀವಿ," ಎಂದ ಹಂಪಯ್ಯ.

ಮೂರನೆಯ ತಿರುವು ದಾಟಿತು. ಬಾನೆಟ್ಟಿನ ಒಳಗೆ ಒರಳು ತಿರುಗುವ ಹಾಗೆ ಗೊರಗೊರ ಸದ್ದು. ಹಂಪಯ್ಯ ವೇಗ ತಗ್ಗಿಸಿದ.

ಐದನೆಯ ತಿರುವು. ಕೀ ಎಂದು ಒಂದು ಕೂಗು, ಸುಟ್ಟ ರಬ್ಬರಿನ ವಾಸನೆ, ಆಮೇಲೆ ಪಟ್. ಬೆಲ್ಟು ತುಂಡಾಯಿತು. ಪಂಪು ತಿರುಗದೆ ಹಿಡಿದುಕೊಂಡು ನಿಂತಿತ್ತು. ಇಂಜಿನ್ನು ಕುದಿದು ಆವಿ ಬುಸುಗುಟ್ಟಿತು. ಗಾಡಿ ನಿಂತಿತು.

ಹಿಂದಿನ ಸೀಟಿನಿಂದ ನೀಲಗಂಗೆ, "ಅಪ್ಪಾ, ಯಾಕೆ ನಿಂತೆ?" ಎಂದಳು.

ಈಗ ಹಂಪಯ್ಯ ಕಲ್ಲು ತೆಗೆದುಕೊಂಡು ಮುದ್ರೆ ಒಡೆದ. ಒಂದೇ ಏಟು, ಆನೆ ಚೂರಾಯಿತು. ಆದರೆ ಕುದಿಯುವ ಇಂಜಿನ್ನಿಗೆ ತಣ್ಣೀರು ಹಾಕಿದರೆ ಕಬ್ಬಿಣ ಸೀಳುತ್ತದೆ. ಕಾಯಬೇಕು. ಕಾದ. ಕೆಳಗಿನ ಗುಂಡಿಯಿಂದ ನೀರು ಹೊತ್ತು ತಂದ. ಹಿಡಿದುಕೊಂಡಿದ್ದ ಬೇರಿಂಗಿಗೆ ಎಣ್ಣೆ ಬಿಟ್ಟು, ಫ್ಯಾನನ್ನು ಕೈಯಿಂದ ಅಲ್ಲಾಡಿಸಿ ಅಲ್ಲಾಡಿಸಿ ಬಿಡಿಸಿದ. ಸೀಟಿನ ಕೆಳಗಿದ್ದ ಹಳೆಯ ಬೆಲ್ಟು ಹಾಕಿದ. ಹೆಬ್ಬೆರಳು ಒತ್ತಿ ಅರ್ಧ ಅಂಗುಲ ನೋಡಿ ಬೋಲ್ಟು ಬಿಗಿದ. ಎರಡು ಗಂಟೆ ಹಿಡಿಯಿತು. ಆಮೇಲೆ, ಕೇಳಿ, ಆ ಮುರುಕು ಪಂಪೇ, ಆ ಹಳೆಯ ಬೆಲ್ಟೇ ಗಾಡಿಯನ್ನು ಉಳಿದ ಎರಡು ತಿರುವು ಹತ್ತಿಸಿ ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿದವು.

ಆಸ್ಪತ್ರೆಯ ಡಾಕ್ಟರಮ್ಮ ಮಧ್ಯಾಹ್ನ ಹೊರಗೆ ಬಂದಳು. "ತಾಯಿ ಉಳಿದಿದ್ದಾಳೆ," ಎಂದಳು. ಹೆಣ್ಣು ಮಗು. ತಲೆತುಂಬ ಕೂದಲಿತ್ತು. ಉಸಿರಿರಲಿಲ್ಲ.

ಮಾರನೆಯ ದಿನ ಹಂಪಯ್ಯ ಗಾಡಿ ತಂದು ಮೋಟಾರುಖಾನೆಯಲ್ಲಿ ನಿಲ್ಲಿಸಿದ್ದೇ ತಡ, ರಾಚಪ್ಪ ಬೋಲ್ಟಿಗೆ ಅಂಟಿ ಉಳಿದಿದ್ದ ಅರಗಿನ ಚೂರುಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಸಭೆಗೆ ಓಡಿದ.

"ಮಹಾಸ್ವಾಮಿ! ಹಂಪಯ್ಯ ರಾಜಮುದ್ರೆ ಒಡೆದಿದ್ದಾನೆ. ಕೈ ತೆಗೆಸಬೇಕು."

ರಾಜ ಹಂಪಯ್ಯನನ್ನು ಕರೆಸಿದ. "ಒಡೆದೆಯೇನಪ್ಪ?"

"ಒಡೆದೆ ಮಹಾಸ್ವಾಮಿ. ಕೈ ತಗೊಳ್ಳಿ. ಈಗ ನನಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಆದರೆ ಒಂದು ಅರಿಕೆ. ಕಟ್ಟಳೆ ಅಂದರೆ ಕಟ್ಟಳೆ. ಪಾರುಪತ್ಯಗಾರರ ನಡುವಿನಲ್ಲಿರುವ ಪಟ್ಟಿ ಅರಮನೆಯದೇ. ತಾವೇ ಕೊಟ್ಟದ್ದು. ಅದನ್ನು ಯಾರಾದರೂ ಮೀಟಿ ನೋಡಿದ್ದಾರೆಯೇ?"

ಸಭೆಯಲ್ಲಿ ಕೆಲವರು ಬಾಯಿಗೆ ವಲ್ಲಿ ಅಡ್ಡ ಹಿಡಿದು ನಕ್ಕರು. ರಾಚಪ್ಪ ಎದೆ ಸೆಟೆಸಿದ. "ನೋಡಲಿ ಮಹಾಸ್ವಾಮಿ! ನನ್ನದು ಯಾವಾಗಲೂ ಬಿಗಿ."

ಹಂಪಯ್ಯ ಮೀಟಿದ. 'ಡಬ್' ಅಂತು.

"ಬಿಗಿಯಿರಿ," ಎಂದ ರಾಜ.

ಇಬ್ಬರು ಜಟ್ಟಿಗಳು ಬಂದು ಒಂದು ಸಲ ಎಳೆದರು. ರಾಚಪ್ಪ ನಕ್ಕ. "ಎಳೀರೋ, ಎಳೀರೋ, ಊಟ ಮಾಡಿಲ್ಲವೇನೋ?" ಹಂಪಯ್ಯ ಮೀಟಿದ. 'ಡಬ್'.

ಎರಡನೆಯ ಸಲ ಎಳೆದರು. ರಾಚಪ್ಪ ನಗಲಿಲ್ಲ. ಕಣ್ಣು ದೊಡ್ಡದಾಯಿತು. ಹಂಪಯ್ಯ ಮೀಟಿದ. 'ಡಬ್'.

ಮೂರನೆಯ ಸಲ ಮೊಣಕಾಲು ಊರಿ ಎಳೆದರು. ರಾಚಪ್ಪನ ಮುಖ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಹಂಪಯ್ಯ ಮೀಟಿದ. 'ಟಣ್' ಅಂತು.

"ಸರಿಯಾಯಿತು," ಎಂದ ಹಂಪಯ್ಯ. "ಈಗ ಕೊಂಡಿಯ ಮೇಲೆ ಅರಗು ಹಾಕಿ ಮುದ್ರೆ ಒತ್ತಿಸಿ ಮಹಾಸ್ವಾಮಿ. ಅವರದೇ ಪದ್ಧತಿ."

ಮುದ್ರೆ ಬಿತ್ತು.

"ಇನ್ನು ಅವರು ಕೆಲಸ ಮಾಡಲಿ. ನಿಂತ ವಸ್ತುವಿಗೂ ದುಡಿಯುವ ವಸ್ತುವಿಗೂ ಏನು ವ್ಯತ್ಯಾಸ ಅಂತ ಆಗ ಗೊತ್ತಾಗುತ್ತೆ. ಅಗೋ, ಸಭೆಯ ಪಕ್ಕದಲ್ಲೇ ಇರುವ ಆ ಕಾವಲು ಗೋಪುರ. ಇಪ್ಪತ್ತೊಂದೇ ಮೆಟ್ಟಿಲು. ಹತ್ತಿ ಬರಲಿ."

ಮೂರನೆಯ ಮೆಟ್ಟಿಲಿಗೆ ರಾಚಪ್ಪ ಏದುಸಿರು ಬಿಟ್ಟ. ಆರನೆಯ ಮೆಟ್ಟಿಲಿಗೆ ಗೋಡೆ ಹಿಡಿದ. ಒಂಬತ್ತನೆಯ ಮೆಟ್ಟಿಲಿಗೆ ಕುಸಿದು ಕೂತು, ಕೆಳಗೆ ಉರುಳಿ, ಸಭೆಯ ನಡುವೆ ಬಿದ್ದು ಮೀನಿನ ಹಾಗೆ ಬಾಯಿ ಬಿಟ್ಟ.

"ಸಡಿಲಿಸಿ... ಯಾರಾದರೂ... ಸಡಿಲಿಸಿ!"

"ಎಷ್ಟು ಸಡಿಲಿಸಬೇಕು?" ಎಂದು ರಾಜ ಕೇಳಿದ.

"ಅರ್ಧ... ಅರ್ಧ ಅಂಗುಲವಾದರೂ... ಸತ್ತೆ ಸ್ವಾಮಿ!"

ಸಭೆಯಲ್ಲಿ ಅರವತ್ತು ಜನ ಇದ್ದರು. ಯಾರೂ ಕದಲಲಿಲ್ಲ. ಎಲ್ಲರೂ ಕೊಂಡಿಯ ಮೇಲಿನ ಕೆಂಪು ಅರಗನ್ನು ನೋಡಿದರು, ಆಮೇಲೆ ತಮ್ಮ ತಮ್ಮ ಬಲಗೈ ನೋಡಿಕೊಂಡರು. ರಾಚಪ್ಪ ಅವರ ಕಣ್ಣೆದುರೇ ಒದ್ದಾಡುತ್ತಿದ್ದ. ಮುದ್ರೆಯ ಭಯ ಅಂದರೆ ಹಾಗೆ. ಹಂಪಯ್ಯ ಆ ಅರವತ್ತು ಮುಖಗಳನ್ನೂ ನೋಡಿದ. ಅರವತ್ತರಲ್ಲೂ ಅವನಿಗೆ ಕಂಡದ್ದು ನಿನ್ನೆ ಬೆಳಗಿನ ತನ್ನದೇ ಮುಖ.

ಅವನು ಬಗ್ಗಿದ. ತಡಮಾಡಲಿಲ್ಲ. ಮುಷ್ಟಿಯಿಂದ ಒಂದು ಏಟು ಹಾಕಿ ಅರಗು ಒಡೆದು ಕೊಂಡಿ ಬಿಚ್ಚಿದ. ರಾಚಪ್ಪ ಉಸಿರೆಳೆದುಕೊಂಡ.

ರಾಜನಿಗೆ ಅರ್ಥವಾಯಿತು. ಆಮೇಲೆ ತೀರ್ಪು ಹೇಳಿದ. ರಾಚಪ್ಪನ ಅಧಿಕಾರ ಹೋಯಿತು. ಊರಿನವರು ನೀರು ತರುವ ಏತದ ಹಗ್ಗ ಜಗ್ಗುವ ಕೆಲಸಕ್ಕೆ ಅವನನ್ನು ಹಾಕಿದರು. ಅಲ್ಲಿ ದಿನವೂ ಮಸಿಯಲ್ಲ, ಕೆಸರು. ತಿರುಗುವ ವಸ್ತುವನ್ನು ಇನ್ನು ಯಾರೂ ಉಗುರಿನಿಂದ ಮೀಟಬಾರದು, ಅದನ್ನು ಬಲ್ಲವನ ಹೆಬ್ಬೆರಳೇ ಪ್ರಮಾಣ ಎಂದು ಡಂಗುರ ಹೊಡೆಸಿದರು. ಹಂಪಯ್ಯನ ಕೈ ಉಳಿಯಿತು. ಜನ ಜೈ ಅಂದರು. ಆ ಮುದ್ರೆ ಯಾರದು, ಊಟಕ್ಕೆ ಎದ್ದವನು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ರಾಜನೂ ಹೇಳಲಿಲ್ಲ.

ಎಂಟು ದಿನ ಕಳೆದು ನೀಲಗಂಗೆ ಆಸ್ಪತ್ರೆಯಿಂದ ಬಂದಳು. ಹಂಪಯ್ಯ ಗಂಜಿ ಮಾಡಿ ಕೊಟ್ಟ. ಅವಳು ಕುಡಿಯಲಿಲ್ಲ.

"ಅಪ್ಪಾ, ಒಂದು ಕೇಳ್ತೀನಿ. ಹೊರಡೋ ಮೊದಲು ನೀನು ಗಾಡಿ ಮುಂದೆ ನಿಂತಿದ್ದೆ. ನಾನು ಬಾಗಿಲಲ್ಲಿ ಮಾಬವ್ವನ ಹೆಗಲ ಮೇಲೆ ಒರಗಿ ನೋಡ್ತಾ ಇದ್ದೆ. ಗಾಡಿ ನಿಲ್ಲುತ್ತೆ ಅಂತ ನಿನಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಹಂಪಯ್ಯ ಹೇಳಲಿಲ್ಲ.

"ಗೊತ್ತಿತ್ತು ಮಗಳೇ."

"ಮತ್ತೆ?"

"ಕೈ ಹೋಗ್ತಿತ್ತು."

ನೀಲಗಂಗೆ ಅಪ್ಪನ ಕೈ ಹಿಡಿದಳು. ಅಂಗೈ ಮೇಲೆ ಮಾಡಿ ನೋಡಿದಳು. ಮಸಿ ಕೂತ ಗೆರೆಗಳು, ಐದು ಬೆರಳು, ಎಲ್ಲ ಸರಿಯಾಗಿದ್ದವು. ಮೆಲ್ಲಗೆ ಅದನ್ನು ಅವನ ತೊಡೆಯ ಮೇಲೆ ತಿರುಗಿ ಇಟ್ಟಳು.

"ಉಳೀತಲ್ಲ ಅಪ್ಪಾ," ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮರುದಿನ ಅವಳು ಗಂಡನ ಊರಿಗೆ ಹೊರಟಳು. ಗಾಡಿಯಲ್ಲಿ ಬಿಡುತ್ತೇನೆ ಎಂದು ಅಪ್ಪ ಹೇಳಿದ. ಬೇಡ ಎಂದು ಎರಡು ಹಳ್ಳಿ ದೂರ ನಡೆದೇ ಹೋದಳು.

ಇದರಿಂದ ತಿಳಿಯಬೇಕಾದ್ದು ಇಷ್ಟು. ದುಡಿಯುವುದನ್ನು ಉಸಿರಾಡದ ಹಾಗೆ ಬಿಗಿಯಬಾರದು. ಅದು ಯಂತ್ರವೇ ಇರಲಿ, ಮನುಷ್ಯನೇ ಇರಲಿ, ಅರ್ಧ ಅಂಗುಲ ಬಿಡಬೇಕು. ತಿಳಿಯದೆ ಬಿಗಿಯುವವನು ತಪ್ಪಿತಸ್ಥ, ಅವನಿಗೆ ಒಂದಲ್ಲ ಒಂದು ದಿನ ಶಿಕ್ಷೆ ಆಗುತ್ತದೆ. ಆದರೆ ತಿಳಿದೂ ಹೆದರಿ ಕೈ ಕಟ್ಟಿಕೊಂಡವನಿಗೆ ಯಾವ ರಾಜನೂ ಶಿಕ್ಷೆ ಕೊಡುವುದಿಲ್ಲ. ಅವನು ಅದನ್ನು ತಾನೇ ಅನುಭವಿಸಬೇಕು, ಬದುಕಿರುವಷ್ಟು ದಿನ.